ಆರಿಸಿದ ಮೇಲೂ ಮಿಣುಗುವ ದೀಪ

ಅಮ್ಮ ಕುಂದಾಪುರದಿಂದ ಬಂದ ಮೂರನೇ ರಾತ್ರಿಯೇ ಕೇಳಿದರು, "ಮಗಾ, ಒಂದು ದೀಪ ಹಾಕೂಕೆ ಕಪಾಟಿನ ಹಿಂದೆ ಕೈ ಹಾಕ್ಬೇಕಾ?"

ಹಾಕಲೇಬೇಕಿತ್ತು. ಮುಲುಂಡಿನ ನಮ್ಮ ಬಾಡಿಗೆ ಮನೆಯ ಬೆಡ್‌ರೂಮಿನ ಛಾವಣಿಗೆ ನಾಲ್ಕಡಿಯ ಎಲ್‌ಇಡಿ ಬ್ಯಾಟನ್ ಹೊಡೆದಿದ್ದೆ. ಅದರ ವಯರಿನ ತುದಿಗೆ ಎರಡು ಪಿನ್ನಿನ ಪ್ಲಗ್. ಪ್ಲಗ್ ಪಾಯಿಂಟೂ ಅದರ ಸ್ವಿಚ್ಚೂ ಕಬ್ಬಿಣದ ಕಪಾಟಿನ ಹಿಂದೆ. ಮುಂಬಯಿಯ 11 ತಿಂಗಳ ಲೀವ್ ಆಂಡ್ ಲೈಸೆನ್ಸ್ ಕರಾರಿನಲ್ಲಿ ಬದುಕುವವರಿಗೆ ಇದು ಹೊಸದಲ್ಲ. ಗೋಡೆ ಕೊರೆದರೆ ಡಿಪಾಸಿಟ್ಟಿಗೆ ಕತ್ತರಿ, ಹಾಗಾಗಿ ಎಲ್ಲವೂ ಪ್ಲಗ್ಗಿಗೇ.

ಬಾಗಿಲ ಪಕ್ಕದಲ್ಲಿ ಒಂದು ಸ್ವಿಚ್ ಇತ್ತು. ಅದು ಗೋಡೆಯ ಮೇಲಿನ ಹಳೆಯ ಬಲ್ಬ್ ಹೋಲ್ಡರಿನದು. ಭಾನುವಾರ ಎಂಸಿಬಿ ಇಳಿಸಿ ಹೋಲ್ಡರ್ ಬಿಚ್ಚಿದೆ, ಬ್ಯಾಟನ್ನಿನ ಪ್ಲಗ್ ಕತ್ತರಿಸಿದೆ, ವಯರನ್ನು ಪಿವಿಸಿ ಪಟ್ಟಿಯೊಳಗೆ ಗೋಡೆಗುಂಟ ತಂದು ಅಲ್ಲಿನ ಎರಡು ವಯರುಗಳಿಗೆ ಕನೆಕ್ಟರಿನಲ್ಲಿ ಜೋಡಿಸಿದೆ. ಸ್ವಿಚ್ ಒತ್ತಿದರೆ ಬೆಳಕು. ಹದಿನೈದು ವರ್ಷ ಸಾಫ್ಟ್‌ವೇರಿನಲ್ಲಿ ದುಡಿದವನಿಗೆ ಎರಡು ವಯರ್ ಏನು ಮಹಾ!

ಆ ರಾತ್ರಿ ಅಮ್ಮ ಮತ್ತೆ ಎಬ್ಬಿಸಿದರು. ಸ್ವಿಚ್ ಆರಿಸಿದ್ದರೂ ದೀಪ ಮಸುಕಾಗಿ ಮಿಣುಗುತ್ತಿತ್ತು. ಬ್ಯಾಟನ್ನೇ ಹಾಳಾಗಿದೆ ಎಂದುಕೊಂಡೆ.

ಬೆಳಿಗ್ಗೆ ಎದುರುಮನೆಯ ಕಾಕಾ ಬಂದರು. ಬಟ್ಟೆ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಟೆಸ್ಟರನ್ನು ಮೊದಲು ಕರೆಂಟ್ ಇರುವ ಪ್ಲಗ್ಗಿಗೆ ಹಿಡಿದು ಅದು ಹೊಳೆಯುವುದನ್ನು ಖಾತ್ರಿ ಮಾಡಿಕೊಂಡರು. ಹೊಳೆಯದ ಟೆಸ್ಟರನ್ನು ನಂಬಿ ಕೈಯಿಟ್ಟವರನ್ನು ಕಂಡಿದ್ದಾರಂತೆ. ಆಮೇಲೆ ಸ್ವಿಚ್ ಆಫ್ ಇರುವಾಗಲೇ ನನ್ನ ಕನೆಕ್ಟರಿಗೆ ಮುಟ್ಟಿಸಿದರು. ಟೆಸ್ಟರ್ ಧಗ್ಗನೆ ಹೊಳೆಯಿತು. "ಬೇಟಾ, ಸ್ವಿಚ್ ನ್ಯೂಟ್ರಲ್ ಪರ್ ಹೈ."

ವಿಷಯ ಇಷ್ಟೆ. ಸ್ವಿಚ್ ಫೇಸ್ ವಯರನ್ನು ಕಡಿಯಬೇಕು. ಇದು ಕಾಕಾನ ಲಹರಿಯಲ್ಲ, 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ನ್ಯೂಟ್ರಲ್ ಒಂದರಲ್ಲೇ ಸ್ವಿಚ್ ಇಡಬಾರದೆಂದಿತ್ತು. ನ್ಯೂಟ್ರಲ್ ಕಡಿದರೂ ದೀಪ ಆರುತ್ತದೆ, ಆದರೆ 230 ವೋಲ್ಟ್ ದೀಪದವರೆಗೂ ಬಂದು ಕೂತಿರುತ್ತದೆ. ಅಲ್ಲಿಂದ ಸುತ್ತಲಿನ ಗೋಡೆಗೆ, ಲೋಹಕ್ಕೆ ಸೋರುವ ಅತ್ಯಲ್ಪ ಕರೆಂಟೇ ಎಲ್‌ಇಡಿ ಮಿಣುಗಲು ಸಾಕು. ಹಳೆಯ ತಂತಿ ಬಲ್ಬಿಗೆ ಅದು ಏನೇನೂ ಸಾಲದು. ಹಾಗಾಗಿ ಕಟ್ಟಡ ಕಟ್ಟಿದಂದಿನಿಂದ ಈ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಕ್ಕಿಲ್ಲ. (ಎಲ್ಲ ಮಿಣುಗೂ ಇದೇ ಕಾರಣಕ್ಕಲ್ಲ. ಕೆಂಪು ಇಂಡಿಕೇಟರ್ ಇರುವ ಸ್ವಿಚ್ಚಿನಿಂದಲೂ ಹೀಗಾಗಬಹುದು. ಅದಕ್ಕೇ ಟೆಸ್ಟರ್.)

ನನಗೆ ಬೆವರು ಬಂದದ್ದು ಬೇರೆ ನೆನಪಿನಿಂದ. ಈ ಮನೆಗೆ ಬಂದ ಹೊಸದರಲ್ಲಿ ಅದೇ ಹೋಲ್ಡರಿನ ಬಲ್ಬ್ ಬದಲಿಸಿದ್ದೆ. ಸ್ವಿಚ್ ಮಾತ್ರ ಆರಿಸಿ, ಬರಿಗಾಲಲ್ಲಿ, ಸ್ಟೀಲಿನ ಸ್ಟೂಲಿನ ಮೇಲೆ ನಿಂತು. ಜುಲೈ ತಿಂಗಳು, ಗೋಡೆ ಒದ್ದೆಯಾಗಿತ್ತು.

ಮೇನ್ ಇಳಿಸಿ ಕಾಕಾ ಬೋರ್ಡ್ ಬಿಚ್ಚಿದರು. ಸ್ವಿಚ್ಚಿಗೆ ಕಪ್ಪು ವಯರ್, ಕೆಂಪು ನೇರ ದೀಪಕ್ಕೆ. ಬಣ್ಣವನ್ನೂ ನಂಬದೆ ಒಂದೊಂದನ್ನೂ ಪರೀಕ್ಷಿಸಿ ಅದಲುಬದಲು ಮಾಡಿದರು. ಅರ್ಧ ಗಂಟೆಯ ಕೆಲಸ. ದುಡ್ಡು ಬೇಡವೆಂದರು, ಅಮ್ಮ ತಂದಿದ್ದ ಹಲಸಿನ ಹಪ್ಪಳ ತಗೊಂಡರು.

ಮನೆಯಲ್ಲಿ ಆರ್‌ಸಿಸಿಬಿ ಇಲ್ಲವೆಂದೂ ಅವರೇ ತೋರಿಸಿದರು. 30 ಮಿಲಿ ಆಂಪಿಯರ್ ಸೋರಿದರೆ ಕ್ಷಣದಲ್ಲಿ ಲೈನ್ ಕಡಿಯುವ ಸಾಧನ. ಎಂಸಿಬಿ ಈ ಕೆಲಸ ಮಾಡುವುದಿಲ್ಲ. ಮಾಲೀಕರಿಗೆ ಫೋನ್ ಮಾಡಿದೆ. "ಇಷ್ಟು ವರ್ಷ ಏನೂ ಆಗಿಲ್ಲವಲ್ಲ" ಎಂದರು. ಡಿಪಾಸಿಟ್ಟಿನ ಚಿಂತೆ ಬಿಟ್ಟು ನನ್ನ ಖರ್ಚಿನಲ್ಲೇ ಲೈಸೆನ್ಸ್ ಇರುವವರಿಂದ ಹಾಕಿಸುತ್ತಿದ್ದೇನೆ.

ಉಳಿದ ಸ್ವಿಚ್‌ಗಳನ್ನೂ ನೋಡಿದೆವು. ಬಚ್ಚಲಿನದು ಸರಿ ಇದೆ. ಅಡುಗೆಮನೆಯದು ಉಲ್ಟಾ. ಅದು ಮುಂದಿನ ಭಾನುವಾರಕ್ಕೆ. ಅಲ್ಲಿಯವರೆಗೆ ಆ ದೀಪಕ್ಕೆ ಯಾರೂ ಕೈ ಹಚ್ಚಬಾರದೆಂದು ಅಮ್ಮನ ಅಪ್ಪಣೆಯಾಗಿದೆ.