ಜ್ಯಾಕ್ (ಭಾರ ಎತ್ತುವ ಸಾಧನ)

ಜ್ಯಾಕ್ ಎಂಬುದು ಭಾರವಾದ ವಸ್ತುವನ್ನು ಅಡಿಯಿಂದ ಒತ್ತಿ ಸ್ವಲ್ಪ ಎತ್ತರಕ್ಕೆ ಏರಿಸುವ ಸಾಧನ. ಕರ್ನಾಟಕದ ಗ್ಯಾರೇಜುಗಳಲ್ಲಿಯೂ ಲಾರಿ ಚಾಲಕರ ಮಾತಿನಲ್ಲಿಯೂ ಇದಕ್ಕೆ 'ಜಾಕಿ' ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಪಂಕ್ಚರ್ ಆದ ಗಾಲಿಯನ್ನು ಬದಲಿಸುವುದು, ಹಳಿ ತಪ್ಪಿದ ರೈಲು ಬೋಗಿಯನ್ನು ಮತ್ತೆ ಹಳಿಯ ಮೇಲೆ ಕೂರಿಸುವುದು, ಸೇತುವೆಯ ತೊಲೆಗಳನ್ನು ಎತ್ತಿ ದುರಸ್ತಿ ಮಾಡುವುದು, ಇಡೀ ಕಟ್ಟಡವನ್ನೇ ನೆಲದಿಂದ ಮೇಲೆತ್ತುವುದು ಮೊದಲಾದ ಕೆಲಸಗಳಿಗೆ ಇದನ್ನು ಬಳಸುತ್ತಾರೆ. ಕ್ರೇನ್ ಮತ್ತು ಚೈನ್ ಪುಲ್ಲಿಗಳು ಭಾರವನ್ನು ಮೇಲಿನಿಂದ ತೂಗುಹಾಕಿ ಎತ್ತುತ್ತವೆ. ಜ್ಯಾಕ್ ಭಾರದ ಕೆಳಗೆ ನಿಂತು ಅದನ್ನು ಮೇಲಕ್ಕೆ ತಳ್ಳುತ್ತದೆ. ಇವುಗಳ ನಡುವಣ ಮುಖ್ಯ ವ್ಯತ್ಯಾಸ ಇದೇ.

ಮೂಲತತ್ತ್ವ

ಒಬ್ಬ ಮನುಷ್ಯನ ತೋಳಿನ ಬಲ ಕೆಲವು ಹತ್ತು ಕಿಲೋಗ್ರಾಮ್ ಭಾರಕ್ಕೆ ಮಾತ್ರ ಸಾಲುತ್ತದೆ. ಆದರೂ ಅದೇ ಮನುಷ್ಯ ಜ್ಯಾಕಿನ ನೆರವಿನಿಂದ ಹಲವು ಟನ್ ತೂಕದ ಲಾರಿಯನ್ನು ಎತ್ತಬಲ್ಲನು. ಜ್ಯಾಕ್ ಶಕ್ತಿಯನ್ನು ಹೊಸದಾಗಿ ಸೃಷ್ಟಿಸುವುದಿಲ್ಲ. ಕೈ ಹೆಚ್ಚು ದೂರ ಚಲಿಸುತ್ತದೆ, ಭಾರ ಅತ್ಯಲ್ಪ ದೂರ ಏರುತ್ತದೆ. ದೂರದಲ್ಲಿ ಕಳೆದುಕೊಂಡದ್ದು ಬಲದ ರೂಪದಲ್ಲಿ ದೊರೆಯುತ್ತದೆ. ಹೀಗೆ ದೊರೆಯುವ ಬಲದ ಹೆಚ್ಚಳವನ್ನು ಯಾಂತ್ರಿಕ ಲಾಭ ಎನ್ನುತ್ತಾರೆ.

ಈ ತತ್ತ್ವದ ಅತ್ಯಂತ ಸರಳ ರೂಪ ಸನ್ನೆ. ಹಾರೆಯ ತುದಿಯನ್ನು ಬಂಡೆಯ ಕೆಳಗೆ ತೂರಿಸಿ, ಅದರ ಸಮೀಪ ಒಂದು ಕಲ್ಲನ್ನು ಆನಿಕೆಯಾಗಿಟ್ಟು, ಇನ್ನೊಂದು ತುದಿಯನ್ನು ಒತ್ತಿದರೆ ಬಂಡೆ ಮಿಸುಕುತ್ತದೆ. ರಥೋತ್ಸವಗಳಲ್ಲಿ ತೇರಿನ ಗಾಲಿಗೆ ಸನ್ನೆ ಕೊಟ್ಟು ಮುಂದೂಡುವುದೂ ಇದೇ ಕ್ರಮದಿಂದ. ಆದರೆ ಸನ್ನೆಯನ್ನು ಒತ್ತಿದ ಕೈ ಬಿಟ್ಟೊಡನೆ ಭಾರ ಹಿಂದಕ್ಕೆ ಬೀಳುತ್ತದೆ. ಜ್ಯಾಕಿನ ವಿಶೇಷವೆಂದರೆ, ಅದು ಎತ್ತಿದ ಭಾರವನ್ನು ಎತ್ತಿದಲ್ಲಿಯೇ ತಡೆದು ನಿಲ್ಲಿಸುತ್ತದೆ.

ತಿರುಪು ಜ್ಯಾಕ್

ತಿರುಪು ಎಂದರೆ ಒಂದು ಕಂಬದ ಸುತ್ತ ಸುತ್ತಿದ ಇಳಿಜಾರು. ಬೆಟ್ಟವನ್ನು ನೇರವಾಗಿ ಹತ್ತುವುದಕ್ಕಿಂತ ಬಳಸುದಾರಿಯಲ್ಲಿ ಏರುವುದು ಹೇಗೆ ಸುಲಭವೋ ಹಾಗೆಯೇ, ತಿರುಪಿನ ಮೇಲೆ ಭಾರವು ನಿಧಾನವಾಗಿ ಸುತ್ತಿ ಏರುವುದರಿಂದ ಕಡಿಮೆ ಬಲ ಸಾಕಾಗುತ್ತದೆ. ತಿರುಪನ್ನು ಒಂದು ಸುತ್ತು ತಿರುಗಿಸಿದಾಗ ಭಾರ ಏರುವ ಎತ್ತರಕ್ಕೆ 'ಪಿಚ್' ಎಂದು ಹೆಸರು.

ಒಂದು ಉದಾಹರಣೆಯನ್ನು ನೋಡಬಹುದು. ಹಿಡಿಯ ಉದ್ದ 50 ಸೆಂ.ಮೀ., ಪಿಚ್ 1 ಸೆಂ.ಮೀ. ಇದೆ ಎಂದಿಟ್ಟುಕೊಂಡರೆ, ಒಂದು ಸುತ್ತಿನಲ್ಲಿ ಕೈ ಸುಮಾರು 314 ಸೆಂ.ಮೀ. ದೂರ ಚಲಿಸುತ್ತದೆ, ಭಾರ 1 ಸೆಂ.ಮೀ. ಏರುತ್ತದೆ. ಘರ್ಷಣೆ ಇಲ್ಲದಿದ್ದರೆ ಬಲ 314 ಪಟ್ಟು ಹೆಚ್ಚಬೇಕಾಗಿತ್ತು. ಆದರೆ ತಿರುಪಿನ ಎಳೆಗಳ ನಡುವೆ ಘರ್ಷಣೆ ಹೆಚ್ಚು. ಕೈಯ ದುಡಿಮೆಯಲ್ಲಿ ಕಾಲು ಭಾಗ ಮಾತ್ರ ಎತ್ತುವ ಕೆಲಸಕ್ಕೆ ಒದಗಿತೆಂದು ಹಿಡಿದರೂ ಬಲ ಸುಮಾರು 78 ಪಟ್ಟಾಗುತ್ತದೆ. ಆಗ 25 ಕಿ.ಗ್ರಾಂ. ಭಾರಕ್ಕೆ ಸಮನಾದ ಬಲದಿಂದ ಸುಮಾರು 2 ಟನ್ ಎತ್ತಬಹುದು.

ಈ ಘರ್ಷಣೆ ನಷ್ಟವೂ ಹೌದು, ರಕ್ಷಣೆಯೂ ಹೌದು. ಎಳೆಗಳ ಇಳಿಜಾರು ತೀರ ಕಡಿಮೆ ಇರುವುದರಿಂದ ಭಾರವು ತಾನಾಗಿಯೇ ತಿರುಪನ್ನು ಹಿಂದಕ್ಕೆ ತಿರುಗಿಸಲಾರದು. ಇದನ್ನು ಸ್ವಯಂಬಂಧಕ ಗುಣ ಎನ್ನಬಹುದು. ಕಾರ್ಯದಕ್ಷತೆ ಶೇಕಡಾ 50ಕ್ಕಿಂತ ಕಡಿಮೆ ಇರುವ ಸಾಮಾನ್ಯ ತಿರುಪುಗಳಲ್ಲಿ ಈ ಗುಣ ಇರುತ್ತದೆ. ಕಟ್ಟಡಗಳನ್ನು ದಿನಗಟ್ಟಲೆ ಎತ್ತಿ ಹಿಡಿಯಬೇಕಾದ ಕಡೆ ಇಂದಿಗೂ ತಿರುಪು ಜ್ಯಾಕುಗಳನ್ನು ಬಳಸುವುದಕ್ಕೆ ಇದೂ ಒಂದು ಕಾರಣ.

ಕಾರುಗಳೊಡನೆ ಬರುವ ಕತ್ತರಿ ಜ್ಯಾಕ್ ತಿರುಪಿನ ಇನ್ನೊಂದು ರೂಪ. ವಜ್ರಾಕೃತಿಯಲ್ಲಿ ಜೋಡಿಸಿದ ನಾಲ್ಕು ಕೈಗಳ ನಡುವೆ ಅಡ್ಡಲಾಗಿ ಒಂದು ತಿರುಪು ಹಾದುಹೋಗುತ್ತದೆ. ಅದನ್ನು ತಿರುಗಿಸಿದಂತೆ ಎರಡು ಪಕ್ಕದ ಮೂಲೆಗಳು ಹತ್ತಿರವಾಗಿ, ಮೇಲಿನ ಮೂಲೆ ಏರುತ್ತದೆ. ಜ್ಯಾಕ್ ಚಪ್ಪಟೆಯಾಗಿ ಮಡಚಿಕೊಂಡಿರುವಾಗ ಹೆಚ್ಚು ಬಲ ಬೇಕು. ಮೇಲೇರಿದಂತೆ ತಿರುಗಿಸುವುದು ಹಗುರಾಗುತ್ತದೆ.

ದ್ರವಚಾಲಿತ ಜ್ಯಾಕ್

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ. ಇದು ಪಾಸ್ಕಲನ ನಿಯಮ. ದ್ರವಚಾಲಿತ ಅಥವಾ ಹೈಡ್ರಾಲಿಕ್ ಜ್ಯಾಕ್ ಇದನ್ನು ಆಧರಿಸಿದೆ. ಇದರಲ್ಲಿ ಒಂದು ಸಣ್ಣ ಪಂಪು, ಒಂದು ದಪ್ಪ ಕೊಂತ (ರ‍್ಯಾಮ್), ಎಣ್ಣೆಯ ತೊಟ್ಟಿ, ಎಣ್ಣೆ ಹಿಂದಕ್ಕೆ ಹೋಗದಂತೆ ತಡೆಯುವ ಎರಡು ಕವಾಟಗಳು ಮತ್ತು ಭಾರ ಇಳಿಸಲು ಒಂದು ಬಿಡುಗಡೆ ತಿರುಪು ಇರುತ್ತವೆ.

ಪಂಪಿನ ಕೊಂತದ ಅಡ್ಡಕೊಯ್ತ 1 ಚದರ ಸೆಂ.ಮೀ., ಎತ್ತುವ ಕೊಂತದ ಅಡ್ಡಕೊಯ್ತ 20 ಚದರ ಸೆಂ.ಮೀ. ಇದ್ದರೆ ಬಲ 20 ಪಟ್ಟು ಹೆಚ್ಚುತ್ತದೆ. ಪಂಪಿನ ಹಿಡಿಯೂ ಒಂದು ಸನ್ನೆಯಾದುದರಿಂದ ಅದರಿಂದ 15 ಪಟ್ಟು ಲಾಭ ಬಂದರೆ ಒಟ್ಟು 300 ಪಟ್ಟಾಗುತ್ತದೆ. ಘರ್ಷಣೆಯ ಅಲ್ಪ ನಷ್ಟವನ್ನು ಬಿಟ್ಟರೆ, 10 ಕಿ.ಗ್ರಾಂ. ಭಾರಕ್ಕೆ ಸಮನಾದ ಬಲ 3 ಟನ್ ಎತ್ತಬಲ್ಲದು. ಆದರೆ ಹಿಡಿಯ ತುದಿ 30 ಸೆಂ.ಮೀ. ಇಳಿದಾಗ ಭಾರ ಏರುವುದು ಕೇವಲ 1 ಮಿ.ಮೀ. ಭಾರವನ್ನು 10 ಸೆಂ.ಮೀ. ಎತ್ತಬೇಕಾದರೆ ನೂರು ಬಾರಿ ಪಂಪು ಒತ್ತಬೇಕಾಗುತ್ತದೆ.

ಬಾಟಲಿಯ ಆಕಾರದ ಬಾಟಲ್ ಜ್ಯಾಕ್ ಲಾರಿ, ಬಸ್ಸು, ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯ. ಸಾಮಾನ್ಯ ಬಾಟಲ್ ಜ್ಯಾಕನ್ನು ನೆಟ್ಟಗೆ ನಿಲ್ಲಿಸಿಯೇ ಬಳಸಬೇಕು. ಮಲಗಿಸಿದರೆ ಪಂಪಿಗೆ ಎಣ್ಣೆಯ ಬದಲು ಗಾಳಿ ಸೇರಿ ಅದು ಕೆಲಸ ಮಾಡದೆ ಹೋಗಬಹುದು. ಗ್ಯಾರೇಜುಗಳಲ್ಲಿ ಕಾಣುವ ಟ್ರಾಲಿ ಜ್ಯಾಕಿನಲ್ಲಿ ಕೊಂತ ಮಲಗಿದ ಸ್ಥಿತಿಯಲ್ಲಿದ್ದು, ಉದ್ದನೆಯ ತೋಳೊಂದನ್ನು ಮೇಲೆತ್ತುತ್ತದೆ. ತೋಳಿನ ತುದಿ ನೇರವಾಗಿ ಏರದೆ ಕಮಾನಿನಂತೆ ಬಾಗಿ ಏರುವುದರಿಂದ ಜ್ಯಾಕಿನ ಚಕ್ರಗಳು ಸ್ವಲ್ಪ ಉರುಳಲು ಅವಕಾಶವಿರಬೇಕು. ಆದ್ದರಿಂದ ಇದನ್ನು ನಯವಾದ ಗಟ್ಟಿ ನೆಲದ ಮೇಲೆ ಮಾತ್ರ ಬಳಸುತ್ತಾರೆ.

ಇತರ ಬಗೆಗಳು

ಹಲ್ಲುಪಟ್ಟಿ ಜ್ಯಾಕಿನಲ್ಲಿ ಹಲ್ಲುಗಳಿರುವ ಉಕ್ಕಿನ ಪಟ್ಟಿಯೊಂದು ಸನ್ನೆಯ ಒಂದೊಂದು ಒತ್ತಿಗೂ ಒಂದೊಂದು ಹಲ್ಲಿನಷ್ಟು ಮೇಲೇರುತ್ತದೆ. ಕೊಕ್ಕೆಯೊಂದು ಅದನ್ನು ಕೆಳಗಿಳಿಯದಂತೆ ತಡೆಯುತ್ತದೆ. ರೈಲು ಹಳಿಗಳನ್ನು ಎತ್ತಿ ಕೆಳಗೆ ಜಲ್ಲಿ ತುಂಬಲು ಇಂತಹವನ್ನು ಬಳಸುತ್ತಾರೆ. ಹೊಲ ಮತ್ತು ಕಾಡುದಾರಿಗಳಲ್ಲಿ ಕೆಸರಿನಲ್ಲಿ ಹೂತ ವಾಹನಗಳಿಗೆ ರಂಧ್ರಗಳುಳ್ಳ ಉದ್ದನೆಯ ಉಕ್ಕಿನ ಪಟ್ಟಿಯ ಮೇಲೆ ಏರುವ ಎತ್ತರದ ಜ್ಯಾಕ್ ಉಪಯುಕ್ತ. ಭಾರ ಹೊತ್ತಿರುವಾಗ ಇದರ ಹಿಡಿ ಕೈತಪ್ಪಿದರೆ ರಭಸದಿಂದ ಮೇಲಕ್ಕೆ ಚಿಮ್ಮಿ ಮುಖಕ್ಕೆ ಬಡಿಯುವ ಅಪಾಯವಿದೆ. ಗಾಳಿ ತುಂಬಿದಾಗ ಉಬ್ಬುವ ಚೀಲದ ಜ್ಯಾಕುಗಳನ್ನು ಅವಶೇಷಗಳಡಿ ಸಿಲುಕಿದವರ ರಕ್ಷಣೆಯಲ್ಲಿ ಬಳಸುತ್ತಾರೆ. ಮಡಚಿದಾಗ ತೆಳುವಾಗಿರುವುದರಿಂದ ಇವು ಕಿರಿದಾದ ಸಂದುಗಳಲ್ಲಿಯೂ ಹಿಡಿಸುತ್ತವೆ. ಭಾರತೀಯ ರೈಲ್ವೆಯ ಅಪಘಾತ ಪರಿಹಾರ ರೈಲುಗಳಲ್ಲಿ ಬೋಗಿಗಳನ್ನು ಮರಳಿ ಹಳಿಗೇರಿಸುವ ದ್ರವಚಾಲಿತ ಜ್ಯಾಕುಗಳು ಇರುತ್ತವೆ.

ಇತಿಹಾಸ

ಸನ್ನೆಯ ನಿಯಮವನ್ನು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಆರ್ಕಿಮಿಡೀಸ್ ಗಣಿತದ ಮೂಲಕ ನಿರೂಪಿಸಿದನು. ಕ್ರಿಸ್ತಶಕ 1ನೆಯ ಶತಮಾನದ ಅಲೆಕ್ಸಾಂಡ್ರಿಯದ ಹೀರೋ ಭಾರವನ್ನು ಕದಲಿಸುವ ಐದು ಸರಳ ಯಂತ್ರಗಳಲ್ಲಿ ತಿರುಪನ್ನೂ ಸೇರಿಸಿದ್ದನು. 13ನೆಯ ಶತಮಾನದ ಫ್ರಾನ್ಸಿನ ವಿಲಾರ್ ದ ಒನ್ನೆಕೂರನ ಚಿತ್ರಸಂಪುಟದಲ್ಲಿ ತಿರುಪಿನಿಂದ ಭಾರ ಎತ್ತುವ ಯಂತ್ರದ ರೇಖಾಚಿತ್ರವಿದೆ.

ಬ್ಲೇಸ್ ಪಾಸ್ಕಲ್ ದ್ರವಗಳನ್ನು ಕುರಿತು ಬರೆದ ಪ್ರಬಂಧ ಅವನ ಮರಣಾನಂತರ 1663ರಲ್ಲಿ ಪ್ರಕಟವಾಯಿತು. ಆದರೆ ಆ ನಿಯಮ ಕಾರ್ಖಾನೆಯ ಯಂತ್ರವಾಗಲು ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ದ್ರವಚಾಲಿತ ಒತ್ತುಯಂತ್ರಕ್ಕೆ ಹಕ್ಕುಸ್ವಾಮ್ಯ ಪಡೆದನು. 1851ರಲ್ಲಿ ನ್ಯೂಯಾರ್ಕಿನ ರಿಚರ್ಡ್ ಡಜನ್ ಹೊತ್ತೊಯ್ಯಬಹುದಾದ ದ್ರವಚಾಲಿತ ಜ್ಯಾಕಿಗೆ ಹಕ್ಕುಸ್ವಾಮ್ಯ ಪಡೆದನು. ಲಂಡನ್ನಿನಲ್ಲಿ ನಿರ್ಮಾಣವಾದ 'ಗ್ರೇಟ್ ಈಸ್ಟರ್ನ್' ಎಂಬ ಬೃಹತ್ ಹಡಗು ನೀರಿಗಿಳಿಯದೆ ದಡದಲ್ಲಿಯೇ ನಿಂತಾಗ, ಟ್ಯಾಂಗೈ ಸೋದರರು ತಯಾರಿಸಿದ ದ್ರವಚಾಲಿತ ಜ್ಯಾಕುಗಳನ್ನೂ ಬಳಸಿ ಅದನ್ನು ತಳ್ಳಲಾಯಿತು. 1858ರ ಜನವರಿ 31ರಂದು ಹಡಗು ತೇಲಿತು.

ಮೇಲೆದ್ದ ಕಟ್ಟಡಗಳು

ಜ್ಯಾಕುಗಳ ಸಾಮರ್ಥ್ಯಕ್ಕೆ ಅಮೆರಿಕದ ಷಿಕಾಗೊ ನಗರ ದೊಡ್ಡ ನಿದರ್ಶನ. ಮಿಷಿಗನ್ ಸರೋವರದ ದಡದ ತಗ್ಗು ನೆಲದಲ್ಲಿ ಬೆಳೆದ ಆ ನಗರದಲ್ಲಿ ಕೊಳಚೆ ನೀರು ಹರಿದುಹೋಗಲು ಇಳಿಜಾರೇ ಇರಲಿಲ್ಲ. 1854ರಲ್ಲಿ ಕಾಲರಾ ಅನೇಕರನ್ನು ಬಲಿ ತೆಗೆದುಕೊಂಡಿತು. ಅನಂತರ ಎಂಜಿನಿಯರ್ ಎಲಿಸ್ ಚೆಸ್‌ಬ್ರೊನ ಯೋಜನೆಯಂತೆ ಚರಂಡಿ ಕೊಳವೆಗಳನ್ನು ಬೀದಿಗಳ ಮೇಲೆಯೇ ಹಾಸಿ, ಅವನ್ನು ಮಣ್ಣಿನಿಂದ ಮುಚ್ಚಿ ಬೀದಿಗಳನ್ನು ಎತ್ತರಿಸಲಾಯಿತು. ಕಟ್ಟಡಗಳು ಹಳ್ಳದಲ್ಲಿ ಉಳಿಯದಿರಲು ಅವನ್ನೂ ಎತ್ತಬೇಕಾಯಿತು. 1858ರ ಜನವರಿಯಲ್ಲಿ ನಾಲ್ಕು ಮಹಡಿಯ ಇಟ್ಟಿಗೆ ಕಟ್ಟಡವೊಂದನ್ನು 200 ತಿರುಪು ಜ್ಯಾಕುಗಳಿಂದ ಆರು ಅಡಿಗೂ ಹೆಚ್ಚು ಎತ್ತರಿಸಲಾಯಿತು. 1860ರಲ್ಲಿ ಲೇಕ್ ಸ್ಟ್ರೀಟಿನ 320 ಅಡಿ ಉದ್ದದ ಕಟ್ಟಡಗಳ ಸಾಲನ್ನು ಸುಮಾರು 6,000 ಜ್ಯಾಕುಗಳ ಮೇಲೆ, 600 ಕೆಲಸಗಾರರ ನೆರವಿನಿಂದ, ಐದು ದಿನಗಳಲ್ಲಿ 4 ಅಡಿ 8 ಅಂಗುಲ ಎತ್ತಿದರು. ಕೆಲಸಗಾರರು ಒಂದೇ ಸಂಜ್ಞೆಗೆ ಜ್ಯಾಕುಗಳನ್ನು ಸಮನಾಗಿ ತಿರುಗಿಸುತ್ತಿದ್ದುದರಿಂದ ಗೋಡೆಗಳು ಬಿರಿಯಲಿಲ್ಲ. ಒಳಗಿನ ಅಂಗಡಿಗಳ ವ್ಯಾಪಾರವೂ ನಿಲ್ಲಲಿಲ್ಲ. ಮುಂದೆ ರೈಲು ಬೋಗಿಗಳ ತಯಾರಿಕೆಯಿಂದ ಹೆಸರಾದ ಜಾರ್ಜ್ ಪುಲ್‌ಮನ್ ಈ ಕೆಲಸದ ಗುತ್ತಿಗೆದಾರರಲ್ಲಿ ಒಬ್ಬನಾಗಿದ್ದನು.

ಕರ್ನಾಟಕದಲ್ಲಿ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ಕಾಲದ ಶಸ್ತ್ರಾಗಾರವು ಬೆಂಗಳೂರು–ಮೈಸೂರು ಜೋಡಿ ರೈಲುಮಾರ್ಗದ ದಾರಿಯಲ್ಲಿತ್ತು. ಈ ಸಂರಕ್ಷಿತ ಸ್ಮಾರಕವನ್ನು ಕೆಡವದೆ, 2017ರಲ್ಲಿ ಅದರ ಅಡಿಗೆ ಉಕ್ಕಿನ ತೊಲೆಗಳನ್ನು ತೂರಿಸಿ, ದ್ರವಚಾಲಿತ ಜ್ಯಾಕುಗಳಿಂದ ಮೇಲೆತ್ತಿ, ಸುಮಾರು 130 ಮೀಟರ್ ದೂರಕ್ಕೆ ಸಾಗಿಸಿ ಇರಿಸಲಾಯಿತು. ಇಟ್ಟಿಗೆ ಮತ್ತು ಗಾರೆಯ ಹಳೆಯ ಕಟ್ಟಡದ ಒಂದು ಭಾಗ ಇನ್ನೊಂದಕ್ಕಿಂತ ಮೊದಲು ಏರಿದರೆ ಬಿರುಕು ಖಚಿತ. ಆದ್ದರಿಂದ ಇಂತಹ ಕಾರ್ಯಗಳಲ್ಲಿ ಎಲ್ಲ ಜ್ಯಾಕುಗಳೂ ಒಂದೇ ಪ್ರಮಾಣದಲ್ಲಿ ಏರುವಂತೆ ನಿಯಂತ್ರಿಸುತ್ತಾರೆ. ರಸ್ತೆಯನ್ನು ಮತ್ತೆ ಮತ್ತೆ ಎತ್ತರಿಸಿದ ಕಾರಣ ತಗ್ಗಿನಲ್ಲಿ ಉಳಿದು ಮಳೆನೀರು ನುಗ್ಗುವ ಮನೆಗಳನ್ನು ತಿರುಪು ಜ್ಯಾಕುಗಳಿಂದ ಎತ್ತಿ ಹೊಸ ತಳಪಾಯ ಕಟ್ಟುವ ಪದ್ಧತಿಯೂ ಭಾರತದ ನಗರಗಳಲ್ಲಿ ಬಂದಿದೆ.

ಸುರಕ್ಷತೆ

ಜ್ಯಾಕ್ ಎತ್ತುವುದಕ್ಕಾಗಿ ಇರುವ ಸಾಧನವೇ ಹೊರತು ಆಸರೆಯಲ್ಲ. ದ್ರವಚಾಲಿತ ಜ್ಯಾಕಿನಲ್ಲಿ ಇಡೀ ಭಾರವನ್ನು ತಡೆದಿರುವುದು ಸಣ್ಣ ಕವಾಟಗಳೂ ವಾಷರುಗಳೂ ಮಾತ್ರ. ಅವು ಸವೆದಿದ್ದರೆ ಎಣ್ಣೆ ಸೋರಿ ಭಾರ ಮೆಲ್ಲಗೆ ಇಳಿಯಬಹುದು ಅಥವಾ ಒಮ್ಮೆಲೇ ಕುಸಿಯಬಹುದು. ತಿರುಪು ಜ್ಯಾಕ್ ತಾನಾಗಿ ಇಳಿಯದಿದ್ದರೂ ವಾಹನ ಸ್ವಲ್ಪ ಉರುಳಿದರೆ ಪಕ್ಕಕ್ಕೆ ವಾಲಿ ಬೀಳುತ್ತದೆ. ಕೇವಲ ಜ್ಯಾಕಿನ ಮೇಲೆ ನಿಂತ ವಾಹನದ ಅಡಿಗೆ ಹೋಗಿ ದುರಸ್ತಿ ಮಾಡುವಾಗ ಜನರು ಪ್ರಾಣ ಕಳೆದುಕೊಂಡಿದ್ದಾರೆ. ಆದ್ದರಿಂದ ಮುಂದಿನ ನಿಯಮಗಳನ್ನು ಪಾಲಿಸುವುದು ಅಗತ್ಯ.

• ವಾಹನವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಕೈಬ್ರೇಕ್ ಹಾಕಿ, ಎತ್ತದ ಗಾಲಿಗಳ ಹಿಂದೆ ಮುಂದೆ ಕಲ್ಲು ಅಥವಾ ಮರದ ತುಂಡನ್ನು ಅಡ್ಡ ಇಡಬೇಕು. ಪ್ರಯಾಣಿಕರನ್ನು ಕೆಳಗಿಳಿಸಬೇಕು.
• ಗಾಲಿಯ ನಟ್ಟುಗಳನ್ನು ವಾಹನ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಬೇಕು. ಎತ್ತಿದ ಮೇಲೆ ಜಗ್ಗಿದರೆ ವಾಹನ ಜ್ಯಾಕಿನಿಂದ ಜಾರಬಹುದು.
• ವಾಹನದ ಕೈಪಿಡಿಯಲ್ಲಿ ಸೂಚಿಸಿದ ಜಾಗದಲ್ಲಿಯೇ ಜ್ಯಾಕ್ ಇಡಬೇಕು.
• ನೆಲ ಮೆದುವಾಗಿದ್ದರೆ ಜ್ಯಾಕಿನ ಕೆಳಗೆ ದಪ್ಪ ಹಲಗೆ ಹಾಕಬೇಕು. 800 ಕಿ.ಗ್ರಾಂ. ಭಾರ 10 ಸೆಂ.ಮೀ. ಚೌಕದ ತಳದ ಮೇಲೆ ಬಿದ್ದರೆ ಪ್ರತಿ ಚದರ ಸೆಂ.ಮೀ.ಗೆ 8 ಕಿ.ಗ್ರಾಂ. ಒತ್ತುತ್ತದೆ, 30 ಸೆಂ.ಮೀ. ಚೌಕದ ಹಲಗೆಯ ಮೇಲೆ ಅದು 1 ಕಿ.ಗ್ರಾಂ.ಗಿಂತ ಕಡಿಮೆಯಾಗುತ್ತದೆ.
• ಜ್ಯಾಕಿನ ಮೇಲೆ ನಮೂದಿಸಿದ ಭಾರದ ಮಿತಿಯನ್ನು ಮೀರಬಾರದು.
• ಅಡಿಯಲ್ಲಿ ಕೆಲಸವಿದ್ದರೆ ವಾಹನವನ್ನು ಎತ್ತಿ, ಉಕ್ಕಿನ ಸ್ಟ್ಯಾಂಡುಗಳ ಮೇಲೆ ಇಳಿಸಿ, ಅಲುಗಾಡಿಸಿ ಪರೀಕ್ಷಿಸಿದ ಮೇಲೆಯೇ ಒಳಹೋಗಬೇಕು. ಒಡೆದುಹೋಗುವ ಇಟ್ಟಿಗೆ, ಸಿಮೆಂಟ್ ಬ್ಲಾಕುಗಳನ್ನು ಆಸರೆಯಾಗಿ ಇಡಬಾರದು.

ನಿರ್ವಹಣೆ

ತಿರುಪು ಮತ್ತು ಕತ್ತರಿ ಜ್ಯಾಕುಗಳ ಎಳೆಗಳಿಗೆ ಆಗಾಗ ಗ್ರೀಸ್ ಹಚ್ಚಬೇಕು. ತುಕ್ಕು ಹಿಡಿದ ತಿರುಪು ಅಗತ್ಯದ ಹೊತ್ತಿನಲ್ಲಿ ತಿರುಗುವುದಿಲ್ಲ. ದ್ರವಚಾಲಿತ ಜ್ಯಾಕಿಗೆ ಜ್ಯಾಕ್ ಎಣ್ಣೆಯನ್ನೇ ತುಂಬಬೇಕು. ಬ್ರೇಕ್ ದ್ರವವನ್ನು ಹಾಕಿದರೆ ಒಳಗಿನ ವಾಷರುಗಳು ಹಾಳಾಗಬಹುದು. ಬಳಸದಿರುವಾಗ ಕೊಂತವನ್ನು ಪೂರ್ಣವಾಗಿ ಇಳಿಸಿಟ್ಟರೆ ಅದರ ನಯವಾದ ಮೈಗೆ ಧೂಳು, ತುಕ್ಕು ತಗಲುವುದಿಲ್ಲ. ಎಣ್ಣೆ ಸೋರುವ, ಬಾಗಿದ ಅಥವಾ ಬಿರುಕು ಬಿಟ್ಟ ಜ್ಯಾಕನ್ನು ದುರಸ್ತಿ ಮಾಡಿಸದೆ ಬಳಸಬಾರದು.