ಪಾಕ ಬೇಡದ ಉಂಡೆ

ಮಕ್ಕಳೇ, ನಿಮಗೆ ತಿಂಡಿ ಮಾಡುವುದನ್ನು ಹೇಳಿಕೊಡಲು ಹೊರಟಿರುವ ನಾನು ಯಾರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬಿ.ಕಾಂ. ಓದಿದವನು. 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಎಪ್ಪತ್ತು ದಾಟುವವರೆಗೂ ಅಡುಗೆಮನೆಯಲ್ಲಿ ನನಗೆ ಗೊತ್ತಿದ್ದದ್ದು ಕಾಫಿ ಕುಡಿದ ಲೋಟ ಇಡುವ ಜಾಗ ಒಂದೇ. ಅಂಥವನು ಹೋದ ವರ್ಷದ ದಸರಾ ರಜೆಯಲ್ಲಿ ಇಬ್ಬರು ಮೊಮ್ಮಕ್ಕಳನ್ನು ಕಟ್ಟಿಕೊಂಡು 25 ಚಾಕೊಲೇಟ್ ಶೇಂಗಾ ಉಂಡೆ ಮಾಡಿದೆ. ನನಗೆ ಬಂದ ಮೇಲೆ ಇದು ಯಾರಿಗಾದರೂ ಬರುತ್ತದೆ.

ನಮ್ಮ ಮನೆ ದಾವಣಗೆರೆಯಲ್ಲಿ. ನಮ್ಮೂರು ಎಂದರೆ ಎಲ್ಲರಿಗೂ ಬೆಣ್ಣೆದೋಸೆ, ಮಂಡಕ್ಕಿ ಮಿರ್ಚಿ ನೆನಪಾಗುತ್ತವೆ. ಆದರೆ ನಮ್ಮ ಮನೆಯ ಹೆಸರಾದ ತಿಂಡಿ ಶೇಂಗಾ ಉಂಡೆ. ನನ್ನ ಹೆಂಡತಿ ಬೆಲ್ಲದ ಪಾಕ ಹಿಡಿದು ಕಟ್ಟುವ ಉಂಡೆ ನಾಗರ ಪಂಚಮಿಗೆ ಒಂದು ಸಲ, ದಸರಾಕ್ಕೆ ಒಂದು ಸಲ ಆಗಲೇಬೇಕು. ವಿಜಯದಶಮಿಯ ದಿನ ಒಂದು ಡಬ್ಬಿ ಉಂಡೆ ಹಿಡಿದು ಹರಿಹರಕ್ಕೆ ಹೋಗಿ, ನನ್ನ ಅಕ್ಕನಿಗೆ ಬನ್ನಿ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿ ಬರುವುದು ನಮ್ಮ ಪದ್ಧತಿ. ದಾವಣಗೆರೆಯಿಂದ ಹರಿಹರ ಸುಮಾರು 14 ಕಿಲೋಮೀಟರ್. ಬಸ್ಸು ಹತ್ತಿ ಕೂತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಊರು ಬಂದಿರುತ್ತದೆ.

ಹೋದ ವರ್ಷ ಹಬ್ಬಕ್ಕೆ ಎರಡು ವಾರ ಇರುವಾಗ ನನ್ನ ಹೆಂಡತಿ ಹಿತ್ತಲಲ್ಲಿ ಜಾರಿ ಬಿದ್ದಳು. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಬಿತ್ತು. ಬೆಂಗಳೂರಿನಿಂದ ಮೊಮ್ಮಕ್ಕಳು ಬಂದರು, ಆರನೇ ತರಗತಿಯ ಮೊಮ್ಮಗಳು ಮತ್ತು ಮೂರನೇ ತರಗತಿಯ ಮೊಮ್ಮಗ. "ಈ ಸಲ ಉಂಡೆ ಇಲ್ಲ ಕಣ್ರೋ, ಪೇಟೆಯಿಂದ ಏನಾದ್ರೂ ತರಿಸೋಣ" ಎಂದಳು ಅಜ್ಜಿ. ಮೊಮ್ಮಗಳು ಸುಮ್ಮನಿರಲಿಲ್ಲ. "ಅಜ್ಜಿ, ಪಾಕವೇ ಬೇಡದ ಉಂಡೆ ಇದೆ. ಟ್ರಫಲ್ ಅಂತಾರೆ. ಶೇಂಗಾ ರುಬ್ಬಿ ಉಂಡೆ ಕಟ್ಟಿ ಚಾಕೊಲೇಟಿನಲ್ಲಿ ಅದ್ದೋದು. ಬಾಯಲ್ಲಿಟ್ಟರೆ ಕರಗುತ್ತೆ" ಎಂದಳು.

ಬಾಯಲ್ಲಿಟ್ಟರೆ ಕರಗುತ್ತೆ ಎಂಬ ಮಾತು ಕೇಳಿ ನನ್ನ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಏಕೆಂದರೆ ನಾನು ಒಂದು ವರ್ಷದಿಂದ ಒಂದು ಗುಟ್ಟು ಇಟ್ಟುಕೊಂಡಿದ್ದೆ.

ಅದರ ಹಿಂದಿನ ವಿಜಯದಶಮಿಯಂದು ಅಕ್ಕನ ಮನೆಯಿಂದ ಹೊರಟವನು ಕೊಡೆ ಮರೆತು ಮತ್ತೆ ಒಳಗೆ ಹೋಗಿದ್ದೆ. ಅಕ್ಕ ಉಂಡೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೈಯಲ್ಲೊಂದು ಉಂಡೆ. ಅದರ ಒಂದು ಮೂಲೆಯಲ್ಲಿ ಸಣ್ಣಗೆ ಹಲ್ಲು ತಾಗಿದ ಗುರುತು, ಅಷ್ಟೆ. "ಹಲ್ಲು ಹೋಗಿ ಮೂರು ವರ್ಷ ಆಯ್ತಪ್ಪ. ನಿನ್ನ ಹೆಂಡ್ತಿ ಅಷ್ಟು ಪ್ರೀತಿಯಿಂದ ಮಾಡಿ ಕಳಿಸ್ತಾಳೆ, ಬ್ಯಾಡ ಅನ್ನೋದು ಹೆಂಗೆ? ಓಣಿ ಹುಡುಗರಿಗೆ ಕೊಡ್ತೀನಿ. ಅವಳಿಗೆ ಹೇಳಬ್ಯಾಡ" ಎಂದಳು. ನಾನು ಹೇಳಲಿಲ್ಲ.

ಈಗ ಹೇಳಿದೆ. ನನ್ನ ಹೆಂಡತಿ ಸ್ವಲ್ಪ ಹೊತ್ತು ಪ್ಲಾಸ್ಟರಿನ ಕೈಯನ್ನೇ ನೋಡುತ್ತಾ ಕೂತಳು. "ಒಂದು ವರ್ಷ ಹೊಟ್ಟೇಲಿ ಇಟ್ಕೊಂಡಿದ್ರಾ ಇದನ್ನ?" ಎಂದಳು. ಆಮೇಲೆ ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಎಳೆಸಿಕೊಂಡು, "ಹೂಂ, ಶುರು ಮಾಡ್ರಿ. ಮೆತ್ತಗಿರಬೇಕು, ನೋಡಿ ಮತ್ತೆ" ಎಂದು ಅಪ್ಪಣೆ ಕೊಟ್ಟಳು.

ಮೊದಲು ಶೇಂಗಾ. ನಮ್ಮ ದಾವಣಗೆರೆ, ಚಿತ್ರದುರ್ಗ, ಚಳ್ಳಕೆರೆ ಸೀಮೆಯ ಕೆಂಪು ನೆಲದಲ್ಲಿ ಮಳೆಗಾಲದಲ್ಲಿ ಬಿತ್ತಿದ ಶೇಂಗಾ ದಸರಾ, ದೀಪಾವಳಿಯ ಆಸುಪಾಸಿಗೆ ಕಿತ್ತು ಬರುತ್ತದೆ. ಈ ಗಿಡದ ಆಟವೇ ಬೇರೆ. ಹಳದಿ ಹೂವು ಬಿಡುವುದು ನೆಲದ ಮೇಲೆ, ಕಾಯಿ ಕಟ್ಟುವುದು ನೆಲದ ಒಳಗೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಒಂದು ದಾರದಂಥ ಊಡು ಕೆಳಗಿಳಿದು ಮಣ್ಣಿಗೆ ನುಗ್ಗುತ್ತದೆ. ಅದರ ತುದಿಯೇ ಕಾಯಿಯಾಗುತ್ತದೆ. ಇಷ್ಟೆಲ್ಲ ನಮ್ಮದೇ ಆಗಿಹೋಗಿರುವ ಶೇಂಗಾದ ತವರು ದೂರದ ದಕ್ಷಿಣ ಅಮೆರಿಕ. ಅದನ್ನು ರುಬ್ಬಿ ಮೆತ್ತಗಿನ ಪೇಸ್ಟ್ ಮಾಡುವ ವಿಧಾನಕ್ಕೆ ಕೆನಡಾದ ಮಾರ್ಸೆಲಸ್ ಗಿಲ್ಮೋರ್ ಎಡ್ಸನ್ ಎಂಬವರು 1884ರಲ್ಲೇ ಪೇಟೆಂಟ್ ಪಡೆದಿದ್ದರು. ಇನ್ನು ಟ್ರಫಲ್ ಎಂಬ ಹೆಸರು ಯುರೋಪಿನ ಕಾಡುಗಳಲ್ಲಿ ನೆಲದೊಳಗೆ ಬೆಳೆಯುವ ಒಂದು ಬಗೆಯ ಅಣಬೆಯದು. ಕೋಕೋ ಪುಡಿಯಲ್ಲಿ ಹೊರಳಿಸಿದ ಚಾಕೊಲೇಟ್ ಉಂಡೆ ಮಣ್ಣು ಮೆತ್ತಿದ ಆ ಅಣಬೆಯಂತೆ ಕಾಣುವುದರಿಂದ ಅದಕ್ಕೂ ಅದೇ ಹೆಸರು ಬಂತು. ಅಣಬೆಯೂ ನೆಲದೊಳಗಿನದು, ಶೇಂಗಾವೂ ನೆಲದೊಳಗಿನದು. ಜೋಡಿ ಸರಿಯಾಗಿದೆ ಅನ್ನಿ.

ನಾವು ಒಣಗಿದ ಶೇಂಗಾ ಕಾಯಿ 400 ಗ್ರಾಂ ತಂದೆವು. ಸಿಪ್ಪೆ ಸುಲಿಯುವ ಕೆಲಸ ಮಕ್ಕಳದು. 100 ಗ್ರಾಂ ಕಾಯಿ ಸುಲಿದರೆ ಸುಮಾರು 70 ಗ್ರಾಂ ಬೀಜ ಸಿಗುತ್ತದೆ. ಹಾಗಾದರೆ 400 ಗ್ರಾಂಗೆ ಎಷ್ಟು? ಮೊಮ್ಮಗ ಬೆರಳು ಎಣಿಸಿ 280 ಎಂದ. ಸರಿ. ಕಪ್ಪಾದ, ಬೂಸ್ಟು ಹಿಡಿದ, ಮುರುಟಿದ ಬೀಜಗಳನ್ನು ಆರಿಸಿ ಎಸೆಯಬೇಕು. ಬೂಸ್ಟು ಹಿಡಿದ ಶೇಂಗಾದಲ್ಲಿ ವಿಷ ಇರಬಹುದು, ಅದನ್ನು ಹುರಿದರೂ ಪೂರ್ತಿ ಹೋಗುವುದಿಲ್ಲ. ಉಳಿದ ಬೀಜವನ್ನು ನಾನು ಸಣ್ಣ ಉರಿಯಲ್ಲಿ ಹುರಿದೆ. ಆರಿದ ಮೇಲೆ ಕೈಯಲ್ಲಿ ಉಜ್ಜಿ ಕೆಂಪು ಹೊಟ್ಟು ತೂರಿ ತೂಕ ಹಾಕಿದರೆ 250 ಗ್ರಾಂ ನಿಂತಿತು. ಹುರಿದ ಬೀಜವನ್ನೇ ಅಂಗಡಿಯಿಂದ ತಂದರೆ ಈ ಕೆಲಸವೂ ಉಳಿಯುತ್ತದೆ.

ಈಗ ಲೆಕ್ಕ ಬರೆದುಕೊಳ್ಳಿ.

ಹುರಿದು ಹೊಟ್ಟು ತೆಗೆದ ಶೇಂಗಾ 250 ಗ್ರಾಂ.
ಪುಡಿ ಮಾಡಿದ ಬೆಲ್ಲ 100 ಗ್ರಾಂ.
ಹುರಿಗಡಲೆ ಹಿಟ್ಟು 50 ಗ್ರಾಂ.
ಬೆಣ್ಣೆ 25 ಗ್ರಾಂ.
ಒಂದು ಚಿಟಿಕೆ ಉಪ್ಪು, ಎರಡು ಏಲಕ್ಕಿ.
ಮೇಲೆ ಹೊದಿಸಲು ಕಪ್ಪು ಚಾಕೊಲೇಟ್ 200 ಗ್ರಾಂ.

ಶೇಂಗಾವನ್ನು ಮಿಕ್ಸಿಯಲ್ಲಿ ಹಾಕಿ ತಿರುಗಿಸಿ. ನೀರು ಒಂದು ಹನಿಯೂ ಬೇಡ. ಮೊದಲು ಪುಡಿಯಾಗುತ್ತದೆ, ಆಮೇಲೆ ಮುದ್ದೆಯಾಗುತ್ತದೆ, ಇಷ್ಟೇ ಅನ್ನಿಸಿ ಕೈ ಬಿಡಬೇಡಿ. ಬೀಜದ ಅರ್ಧದಷ್ಟು ಎಣ್ಣೆಯೇ ಇರುವುದರಿಂದ, ತಾಳ್ಮೆಯಿಂದ ತಿರುಗಿಸಿದರೆ ಎಣ್ಣೆ ಬಿಟ್ಟುಕೊಂಡು ತಾನಾಗಿಯೇ ನುಣ್ಣಗಾಗುತ್ತದೆ. ಒಂದು ನಿಮಿಷ ತಿರುಗಿಸಿ ಒಂದು ನಿಮಿಷ ಬಿಡಿ, ಇಲ್ಲದಿದ್ದರೆ ಮಿಕ್ಸಿ ಬಿಸಿಯಾಗಿ ಕೂತುಬಿಡುತ್ತದೆ. ಕುರ್ಚಿಯಲ್ಲಿದ್ದ ಅಜ್ಜಿ ಬೆರಳಲ್ಲಿ ಮುಟ್ಟಿ ನೋಡಿ, "ಇನ್ನೂ ತರಿ ಇದೆ" ಎಂದು ಮೂರು ಸಲ ವಾಪಸ್ ಕಳಿಸಿದಳು. ಬ್ಯಾಂಕಿನಲ್ಲಿ ಮ್ಯಾನೇಜರ್ ಕೂಡ ನನ್ನ ವೋಚರನ್ನು ಮೂರು ಸಲ ವಾಪಸ್ ಕಳಿಸಿದ್ದಿಲ್ಲ.

ನುಣ್ಣಗಾದ ಮೇಲೆ ಬೆಲ್ಲ, ಹುರಿಗಡಲೆ ಹಿಟ್ಟು, ಬೆಣ್ಣೆ, ಉಪ್ಪು, ಏಲಕ್ಕಿ ಪುಡಿ ಕಲಸಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಒಟ್ಟು ತೂಕ 425 ಗ್ರಾಂ. ಒಂದು ಉಂಡೆಗೆ 17 ಗ್ರಾಂ ಎಂದರೆ ಸರಿಯಾಗಿ 25 ಉಂಡೆ. ದೊಡ್ಡ ನೆಲ್ಲಿಕಾಯಿ ಗಾತ್ರ ಎಂದಿಟ್ಟುಕೊಳ್ಳಿ. ಕಟ್ಟಿದ ಉಂಡೆಗಳನ್ನು ತಟ್ಟೆಯಲ್ಲಿ ಜೋಡಿಸಿ ಮತ್ತೆ ಒಂದು ಗಂಟೆ ಫ್ರಿಜ್ಜಿನಲ್ಲಿಡಿ.

ಈಗ ಚಾಕೊಲೇಟ್. ಕೋಕೋ ಬೆಳೆಯಲು ದಕ್ಷಿಣ ಅಮೆರಿಕಕ್ಕೆ ಹೋಗಬೇಕಿಲ್ಲ. ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲೇ ಬೆಳೆಯುತ್ತದೆ. ಹಲಸಿನಂತೆ ಅದರ ಕಾಯಿಯೂ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ. ಅಡಿಕೆ, ಕೋಕೋ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಚಾಕೊಲೇಟನ್ನು ನೇರ ಒಲೆಯ ಮೇಲೆ ಇಡಬಾರದು. ಬಿಸಿನೀರಿನ ಪಾತ್ರೆಯ ಮೇಲೆ ಒಣ ಬಟ್ಟಲಿಟ್ಟು ಅದರಲ್ಲಿ ಕರಗಿಸಬೇಕು. ಈ ಕೆಲಸ ದೊಡ್ಡವರದು, ಮಕ್ಕಳೇ, ನೀವು ದೂರ ನಿಂತು ನೋಡಿ. ಇಲ್ಲೇ ನನ್ನ ಕೈ ಕೆಟ್ಟಿತು. ಒದ್ದೆ ಚಮಚದಿಂದ ಕಲಕಿದೆ. ನೋಡನೋಡುತ್ತಿದ್ದಂತೆ ಮಿರಮಿರ ಹೊಳೆಯುತ್ತಿದ್ದ ಚಾಕೊಲೇಟ್ ಗಟ್ಟಿ ಕೆಸರಿನಂತೆ ಗಂಟುಗಂಟಾಯಿತು. ಚಾಕೊಲೇಟ್ ಎಂದರೆ ಕೊಬ್ಬಿನಲ್ಲಿ ತೇಲುವ ಒಣ ಸಕ್ಕರೆ, ಒಣ ಕೋಕೋ ಪುಡಿ. ನಾಲ್ಕು ಹನಿ ನೀರು ಬಿದ್ದರೂ ಸಕ್ಕರೆ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. 200 ಗ್ರಾಂ ಹೋಯಿತಲ್ಲ ಎಂದು ತಲೆ ಮೇಲೆ ಕೈ ಹೊತ್ತು ಕೂತೆ. ಅಜ್ಜಿ ಕೂತಲ್ಲಿಂದಲೇ, "ಬಿಸಿ ಹಾಲು ಹಾಕಿ ಕಲಕ್ರಿ, ಸಾರಾದರೂ ಆಗ್ಲಿ" ಎಂದಳು. ಆಶ್ಚರ್ಯ, ಹಾಲು ಹೆಚ್ಚಾದಂತೆ ಗಂಟು ಬಿಟ್ಟು ನುಣ್ಣನೆಯ ಸಾಸ್ ಆಯಿತು. ಮಕ್ಕಳು ಅದನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದು ಮುಗಿಸಿದರು. ಉಂಡೆಗೆ ಮತ್ತೆ 200 ಗ್ರಾಂ ತಂದು, ಈ ಸಲ ಬಟ್ಟಲು, ಚಮಚ ಎರಡನ್ನೂ ಒಣ ಬಟ್ಟೆಯಲ್ಲಿ ಒರೆಸಿಕೊಂಡೆ.

ಕರಗಿದ ಚಾಕೊಲೇಟ್ ಸ್ವಲ್ಪ ಆರಿದ ಮೇಲೆ ಒಂದೊಂದೇ ಉಂಡೆಯನ್ನು ಫೋರ್ಕಿನ ಮೇಲಿಟ್ಟು ಮುಳುಗಿಸಿ, ತಟ್ಟಿ, ಎಣ್ಣೆ ಸವರಿದ ತಟ್ಟೆಗೆ ಇಳಿಸಿದೆವು. ಮತ್ತೆ ಫ್ರಿಜ್ಜು. ಅಷ್ಟೇ, ಮುಗಿಯಿತು. ಒಳಗೆ ಶೇಂಗಾ, ಹೊರಗೆ ಚಾಕೊಲೇಟ್, ಎರಡೂ ಸೇರಿ ಒಂದು. ಮೊಮ್ಮಗ ಇದಕ್ಕೆ 'ಹರಿಹರ ಉಂಡೆ' ಎಂದು ಹೆಸರಿಟ್ಟ. ಹರಿಹರೇಶ್ವರ ದೇವಸ್ಥಾನದಲ್ಲಿ ಒಂದೇ ಮೂರ್ತಿಯಲ್ಲಿ ಅರ್ಧ ಹರ, ಅರ್ಧ ಹರಿ ಇರುವುದನ್ನು ಹಿಂದಿನ ರಜೆಯಲ್ಲಿ ತೋರಿಸಿದ್ದೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಅದು. ಹುಡುಗ ಮರೆತಿರಲಿಲ್ಲ.

ರಾತ್ರಿ ಎಣಿಸಿದಾಗ 25 ಇತ್ತು. ಬೆಳಿಗ್ಗೆ ಎಣಿಸಿದರೆ 23. ಕ್ಯಾಶ್ ಟ್ಯಾಲಿ ಆಗದೆ ನಾನು ಮನೆಗೆ ಹೋದವನಲ್ಲ. ವಿಚಾರಣೆ ಮಾಡಿದೆ. ಮೊಮ್ಮಗನ ಮೀಸೆಯ ಜಾಗದಲ್ಲಿ ಸಾಕ್ಷಿ ಇತ್ತು.

ವಿಜಯದಶಮಿಯ ಬೆಳಿಗ್ಗೆ, ಬಿಸಿಲೇರುವ ಮೊದಲೇ, ಸ್ಟೀಲ್ ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ ಬಸ್ಸು ಹತ್ತಿದೆವು. ಚಾಕೊಲೇಟಿನ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ನಮ್ಮ ಬಾಯಿಯ ಬಿಸಿ ಸುಮಾರು 37. ಅದಕ್ಕೇ ಅದು ಡಬ್ಬಿಯಲ್ಲಿ ಗಟ್ಟಿ, ನಾಲಿಗೆಯ ಮೇಲೆ ನೀರು. ನಮ್ಮೂರ ಏಪ್ರಿಲ್ ಬಿಸಿಲಿನಲ್ಲಾಗಿದ್ದರೆ ಡಬ್ಬಿಯಲ್ಲೇ ಕರಗಿರುತ್ತಿತ್ತು.

ಮಕ್ಕಳು ಅಕ್ಕನಿಗೆ ಬನ್ನಿ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗೆ ಇರೋಣ" ಎಂದು ಕಾಲಿಗೆ ಬಿದ್ದರು. ನನ್ನ ಹೆಂಡತಿ ಎಡಗೈಯಿಂದ ಡಬ್ಬಿ ತೆರೆದು, "ಈ ಸಲ ಇಲ್ಲೇ ತಿನ್ನಬೇಕು, ನಮ್ಮ ಕಣ್ಣೆದುರಿಗೆ" ಎಂದಳು. ಅಕ್ಕ ನನ್ನತ್ತ ಒಂದು ಸಲ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಅಕ್ಕ ಉಂಡೆಯನ್ನು ಬಾಯಲ್ಲಿಟ್ಟುಕೊಂಡಳು. ಅಗಿಯಲಿಲ್ಲ, ಸುಮ್ಮನೆ ಕೂತಳು. ಸ್ವಲ್ಪ ಹೊತ್ತಿಗೆ, "ಶೇಂಗಾ ಐತಲ್ಲೋ ಇದ್ರಾಗೆ!" ಎಂದಳು. ಇನ್ನೊಂದಕ್ಕೆ ಕೈ ಚಾಚಿದಳು. "ಕಾಯಿ ಸುಲಿದೋರು ಯಾರು?" ಎಂದು ಕೇಳಿದಳು. "ನಾವು" ಎಂದು ಮಕ್ಕಳು ಕೈ ತೋರಿಸಿದರು. ಅಕ್ಕ ಮೊಮ್ಮಗಳ ಹೆಬ್ಬೆರಳು ಹಿಡಿದು ಉಗುರಿನ ಪಕ್ಕ ಕೆಂಪಾದ ಜಾಗವನ್ನು ಸವರಿದಳು. "ನೋಯ್ತದೇನವ್ವ? ನನ್ನ ಬೆರಳೂ ಹಿಂಗೇ ಆಗ್ತಿದ್ವು."

ಅದನ್ನು ಮಕ್ಕಳಿಗೆ ನಾನು ಬಸ್ಸಿನಲ್ಲಿ ಬರುವಾಗ ಬಿಡಿಸಿ ಹೇಳಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮಪ್ಪ ತೀರಿಕೊಂಡರು. ಅಕ್ಕ ವ್ಯಾಪಾರಿಗಳಿಂದ ಮೂಟೆಗಟ್ಟಲೆ ಶೇಂಗಾ ಕಾಯಿ ತಂದು ರಾತ್ರಿಯೆಲ್ಲ ದೀಪದ ಬೆಳಕಿನಲ್ಲಿ ಸುಲಿದು ಕೂಲಿ ತರುತ್ತಿದ್ದಳು. ನಾನು ಬಿ.ಕಾಂ. ಮುಗಿಸಿದ್ದು ಆ ದುಡ್ಡಿನಲ್ಲಿ. ಮಾರುವ ಬೀಜ, ಒಂದನ್ನೂ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಕೊನೆಗೆ ಎರಡು ಮಾತು. ಕೆಲವರಿಗೆ ಶೇಂಗಾ ಅಲರ್ಜಿ ಇರುತ್ತದೆ, ಗೆಳೆಯರಿಗೆ ಕೊಡುವ ಮೊದಲು ಕೇಳಿ. ಸಕ್ಕರೆ ಕಾಯಿಲೆಯ ಹಿರಿಯರು ಅರ್ಧ ಉಂಡೆಗೆ ನಿಲ್ಲಿಸಿ. ಮತ್ತೆ ಹಬ್ಬಕ್ಕೆ ಹಿರಿಯರ ಮನೆಗೆ ಏನನ್ನಾದರೂ ಒಯ್ದರೆ ಡಬ್ಬಿ ಕೊಟ್ಟು ಓಡಿ ಬರಬೇಡಿ, ಅವರು ತಿನ್ನುವವರೆಗೆ ಎದುರಿಗೇ ಕೂತಿರಿ.

ನಮ್ಮ ಲೆಕ್ಕ ಹೀಗೆ ಮುಗಿಯಿತು: ಮೊಮ್ಮಗನ ಹೊಟ್ಟೆಗೆ 2, ಮನೆಯಲ್ಲಿ ಇಟ್ಟುಕೊಂಡದ್ದು 5, ಅಕ್ಕನ ಡಬ್ಬಿಗೆ 18. ಒಟ್ಟು 25. ಟ್ಯಾಲಿ ಆಯಿತು. ಮೂರು ದಿನ ಬಿಟ್ಟು ಅಕ್ಕ ಫೋನ್ ಮಾಡಿದಳು. ಓಣಿ ಹುಡುಗರಿಗೆ ಈ ಸಲ ಒಂದೂ ಸಿಕ್ಕಿಲ್ಲವಂತೆ.