ಎಂಜಿನ್ನಿನ ಎಣ್ಣೆ: ಅದರ ಮಂದತ್ವವೂ ಆಯ್ಕೆಯೂ

ಸಿಂಧನೂರು ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಬಳಿಕ ಭತ್ತದ ನಾಟಿಯು ಕೆಲವೇ ವಾರಗಳಲ್ಲಿ ಮುಗಿಯತಕ್ಕದ್ದು. ಆ ದಿನಗಳಲ್ಲಿ ಟ್ರ್ಯಾಕ್ಟರು ಹಗಲಿರುಳೂ ಕೆಸರಿನಲ್ಲಿ ದುಡಿಯುವುದು. ಲಿಂಗಸುಗೂರು, ಮಸ್ಕಿ ಕಡೆಯ ಎರೆಭೂಮಿಯ ಒಣಬೇಸಾಯದಲ್ಲಿ ಮಳೆಯಾಗಿ ಹದ ಬಂದ ನಾಲ್ಕಾರು ದಿನಗಳೊಳಗೆ ಹರಗಿ ಬಿತ್ತದಿದ್ದರೆ ಸಜ್ಜೆ ತೊಗರಿಗಳ ಕಾಲವೇ ಮೀರಿಹೋಗುವುದು. ಇಂಥ ಸಮಯದಲ್ಲಿ ಎಂಜಿನ್ನು ಹಿಡಿದು ನಿಂತರೆ ರಿಪೇರಿಯ ವೆಚ್ಚಕ್ಕಿಂತ ತಪ್ಪಿದ ಹದದ ನಷ್ಟವೇ ದೊಡ್ಡದು. ಆದಕಾರಣ ಎಂಜಿನ್ನನ್ನು ಕಾಯುವ ಎಣ್ಣೆಯ ವಿಷಯವನ್ನು ಗೌಡರೂ ಜಮೀನುದಾರರೂ ಸ್ವತಃ ತಿಳಿದಿರುವುದು ಅವಶ್ಯ.

ನಮ್ಮಲ್ಲಿ ಎರಡು ನಂಬಿಕೆಗಳು ಬೇರೂರಿವೆ. ಇದು ಬಿಸಿಲಿನ ನಾಡಾದುದರಿಂದ ಎಣ್ಣೆಯು ಮಂದವಾದಷ್ಟೂ ಉತ್ತಮವೆಂಬುದು ಮೊದಲನೆಯದು. ಮನೆಯಲ್ಲಿರುವ ಟ್ರ್ಯಾಕ್ಟರು, ಪಂಪಿನ ಎಂಜಿನ್ನು, ಕಾರು ಈ ಮೂರಕ್ಕೂ ಒಂದೇ ಡಬ್ಬಿಯ ಎಣ್ಣೆ ಸಾಕೆಂಬುದು ಎರಡನೆಯದು. ಎರಡೂ ಸರಿಯಲ್ಲ. ಏಕೆಂಬುದನ್ನು ತಿಳಿಯಲು ಎಂಜಿನ್ನಿನ ಒಳರಚನೆಯನ್ನು ಸ್ವಲ್ಪ ನೋಡಬೇಕು.

ಎಂಜಿನ್ನಿನೊಳಗೆ ಎಣ್ಣೆಯ ಕೆಲಸ

ಸಿಲಿಂಡರಿನಲ್ಲಿ ಉರಿದ ಇಂಧನವು ಪಿಸ್ಟನ್ನನ್ನು ಕೆಳಕ್ಕೆ ನೂಕುವುದು. ಆ ನೂಕು ಕನೆಕ್ಟಿಂಗ್ ರಾಡಿನ ಮೂಲಕ ಕ್ರಾಂಕ್ ದಂಡವನ್ನು ತಿರುಗಿಸುವುದು. ಈ ದಂಡಕ್ಕೂ ಅದನ್ನು ಹೊತ್ತ ಬೇರಿಂಗಿಗೂ ನಡುವಣ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ. ಸ್ಥೂಲವಾಗಿ ಕೂದಲೆಳೆಯ ದಪ್ಪದಷ್ಟು. ತಿರುಗುವ ದಂಡವು ಎಣ್ಣೆಯನ್ನು ತನ್ನೊಡನೆ ಸೆಳೆದು ಬೆಣೆಯಂತೆ ಅಡಿಗೆ ತುರುಕುವುದು. ಆ ಬೆಣೆಯ ಮೇಲೆ ದಂಡವು ತೇಲುತ್ತಿರುವವರೆಗೆ ಲೋಹಕ್ಕೆ ಲೋಹವು ತಗುಲದು. ಎತ್ತಿನ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದೂ ಇದೇ ಉದ್ದೇಶಕ್ಕೆ. ಆದರೆ ಬಂಡಿಯ ಗಾಲಿ ನಿಮಿಷಕ್ಕೆ ಕೆಲವು ಸುತ್ತು ತಿರುಗಿದರೆ, ಕ್ರಾಂಕ್ ದಂಡವು ಸಾವಿರಾರು ಸುತ್ತು ತಿರುಗುವುದು. ಇದಲ್ಲದೆ ಎಣ್ಣೆಯು ಪಿಸ್ಟನ್ನಿನ ಬಿಸಿಯನ್ನು ಒಯ್ಯುವುದು, ರಿಂಗುಗಳ ಸಂದನ್ನು ಮುಚ್ಚುವುದು, ಮಸಿಯನ್ನು ತನ್ನಲ್ಲಿ ಹಿಡಿದಿಡುವುದು. ಡೀಸೆಲ್ ಎಂಜಿನ್ನಿನ ಎಣ್ಣೆ ಬೇಗನೆ ಕಪ್ಪಾಗುವುದು ಈ ಕಾರಣದಿಂದ. ಕಪ್ಪಾದ ಮಾತ್ರಕ್ಕೆ ಅದು ಕೆಟ್ಟಿತೆನ್ನಲಾಗದು.

ಎಣ್ಣೆಯು ಅಗತ್ಯಕ್ಕಿಂತ ತೆಳುವಾದರೆ ಭಾರ ಬಿದ್ದಾಗ ಬೆಣೆಯು ಒಡೆದು ಬೇರಿಂಗು ಸವೆಯುವುದು. ಅಗತ್ಯಕ್ಕಿಂತ ಮಂದವಾದರೆ ಬೆಳಗ್ಗೆ ಎಂಜಿನ್ನು ಚಾಲೂ ಮಾಡಿದಾಗ ಮೇಲಣ ಭಾಗಗಳಿಗೆ ತಡವಾಗಿ ಮುಟ್ಟುವುದು, ಸಣ್ಣ ದಾರಿಗಳಲ್ಲಿ ಸರಾಗವಾಗಿ ಹರಿಯದು, ಇಂಧನವೂ ಹೆಚ್ಚು ತಗಲುವುದು. ಮಂದವಾದುದೇ ಉತ್ತಮವೆಂಬ ಮಾತು ಇಲ್ಲಿಯೇ ಬಿದ್ದುಹೋಗುವುದು.

ಡಬ್ಬಿಯ ಮೇಲಣ ಅಂಕಿಗಳ ಅರ್ಥ

ಬೆಲ್ಲದ ಪಾಕವು ಕಾಯ್ದಾಗ ತೆಳುವಾಗಿಯೂ ಆರಿದಾಗ ಮಂದವಾಗಿಯೂ ಇರುವಂತೆ ಎಣ್ಣೆಯೂ ಇರುವುದು. ಈ ಮಂದತ್ವವನ್ನು ಶಾಸ್ತ್ರದಲ್ಲಿ ಸ್ನಿಗ್ಧತೆ ಎನ್ನುವರು. 1905ರಲ್ಲಿ ಅಮೆರಿಕೆಯಲ್ಲಿ ಸ್ಥಾಪಿತವಾದ ಮೋಟಾರು ಎಂಜಿನಿಯರುಗಳ ಸಂಘವು 1911ರಲ್ಲಿ ಎಣ್ಣೆಗಳನ್ನು ಮಂದತ್ವದ ಮೇರೆಗೆ ವಿಂಗಡಿಸಿತು. ಡಬ್ಬಿಯ ಮೇಲೆ ಕಾಣುವ ಎಸ್.ಎ.ಇ. ಎಂಬ ಅಕ್ಷರಗಳು ಆ ಸಂಘದ ಗುರುತು.

15ಡಬ್ಲ್ಯೂ-40 ಎಂಬುದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಡಬ್ಲ್ಯೂ ಎಂಬುದು ಚಳಿಗಾಲದ ಗುರುತು. ಅದರ ಹಿಂದಿನ 15 ಎಂಬ ಅಂಕಿಯನ್ನು ಸೊನ್ನೆಗಿಂತ 20, 25 ಡಿಗ್ರಿ ಕೆಳಗಣ ಶೀತದಲ್ಲಿ ಪರೀಕ್ಷಿಸಿ ಗೊತ್ತುಮಾಡುವರು. ಕೊನೆಯ 40 ಎಂಬುದನ್ನು 100 ಡಿಗ್ರಿ ಸೆಂಟಿಗ್ರೇಡ್ ಬಿಸಿಯಲ್ಲಿನ ಮಂದತ್ವದಿಂದ ಗೊತ್ತುಮಾಡುವರು. ಆ ಬಿಸಿಯಲ್ಲಿ 30ರ ಎಣ್ಣೆಯ ಮಂದತ್ವವು 9.3ರಿಂದ 12.5 ಸೆಂಟಿಸ್ಟೋಕ್, 40ರದು 12.5ರಿಂದ 16.3, 50ರದು 16.3ರಿಂದ 21.9 ಇರುವುದು. 15ಡಬ್ಲ್ಯೂ-40 ಎಣ್ಣೆಯು 40 ಡಿಗ್ರಿಯಲ್ಲಿ ಸುಮಾರು 110 ಸೆಂಟಿಸ್ಟೋಕ್ ಇದ್ದರೆ 100 ಡಿಗ್ರಿಯಲ್ಲಿ 14ರ ಸುತ್ತಮುತ್ತ ಇಳಿಯುವುದು. ಆದುದರಿಂದ ಅಂಗಡಿಯಲ್ಲಿ ಎರಡು ಬೆರಳಿನ ನಡುವೆ ಎಣ್ಣೆಯನ್ನು ತಿಕ್ಕಿ ನೋಡುವ ಪರೀಕ್ಷೆಯಿಂದ ಯಾವ ನಿರ್ಣಯಕ್ಕೂ ಬರಲಾಗದು.

ನಮ್ಮ ಜಿಲ್ಲೆಯ ಬೇಸಿಗೆಯು 40 ಡಿಗ್ರಿಯನ್ನು ಮೀರುವುದು ನಿಜ. ಆದರೆ ನೀರಿನಿಂದ ತಂಪಾಗುವ ಎಂಜಿನ್ನಿನಲ್ಲಿ ಆ ನೀರನ್ನು ಥರ್ಮೋಸ್ಟಾಟ್ ಎಂಬ ಕವಾಟವು ಚಳಿಗಾಲದಲ್ಲಿಯೂ ಬೇಸಿಗೆಯಲ್ಲಿಯೂ ಸುಮಾರು 80ರಿಂದ 90 ಡಿಗ್ರಿಯ ಮಟ್ಟದಲ್ಲಿಯೇ ಇರಿಸುವುದು. ರೇಡಿಯೇಟರು ಸರಿಯಿದ್ದರೆ ಹೊರಗಣ ಬಿಸಿಲಿನಿಂದ ಎಣ್ಣೆಗೆ ಆಗುವ ವ್ಯತ್ಯಾಸವು ಅಲ್ಪ. ರಾಶಿಯ ಕಾಲದಲ್ಲಿ ಹೊಟ್ಟು ಕಟ್ಟಿಕೊಂಡು ರೇಡಿಯೇಟರಿಗೆ ಗಾಳಿಯಾಡದಿದ್ದರೆ ಮಾತ್ರ ಎಂಜಿನ್ನು ನಿಜವಾಗಿ ಕಾಯುವುದು. ಅದಕ್ಕೆ ಮದ್ದು ರೇಡಿಯೇಟರನ್ನು ಶುಚಿಮಾಡುವುದೇ ಹೊರತು ಮಂದವಾದ ಎಣ್ಣೆಯಲ್ಲ.

ಮೂರು ಎಂಜಿನ್ನು, ಮೂರು ಎಣ್ಣೆ

ಪಂಪಿಗೆ ಕಟ್ಟುವ ನಿಧಾನಗತಿಯ ಒಂಟಿ ಸಿಲಿಂಡರಿನ ಹಳೆಯ ಎಂಜಿನ್ನುಗಳು ಕೆಲವಲ್ಲಿ ಎಣ್ಣೆಯ ಪಂಪೇ ಇಲ್ಲ. ತೊಟ್ಟಿಯ ಎಣ್ಣೆಯನ್ನು ಸಣ್ಣ ಚಮಚವೊಂದು ಎರಚುವುದು. ಇಂಥವುಗಳಿಗೆ ಡಬ್ಲ್ಯೂ ಇಲ್ಲದ 30 ಅಥವಾ 40ರ ಒಂದೇ ಅಂಕಿಯ ಎಣ್ಣೆಯನ್ನು ತಯಾರಕರು ಹೇಳಿರುವುದುಂಟು. ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನಿಗೆ 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-40 ಸಾಮಾನ್ಯ. ಇತ್ತೀಚಿನ ಪೆಟ್ರೋಲ್ ಕಾರುಗಳಾದರೋ ಕಿರಿದಾದ ಸಂದು ಮತ್ತು ಎಣ್ಣೆದಾರಿಗಳನ್ನುಳ್ಳವು. ಅನೇಕಕ್ಕೆ 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಎಂದು ಗೊತ್ತುಮಾಡಿದ್ದಾರೆ. ತೆಳುವಾಗಿ ಕಂಡಿತೆಂದು ಅಲ್ಲಿ ಟ್ರ್ಯಾಕ್ಟರಿನ ಎಣ್ಣೆಯನ್ನು ಹೊಯ್ಯಕೂಡದು.

ಅಂಕಿಯೊಂದೇ ಸಾಲದು. ಎ.ಪಿ.ಐ. ಎಂಬ ಗುರುತಿನ ಮುಂದೆ ಸಿಐ-4 ಮುಂತಾಗಿ ಸಿ ಅಕ್ಷರದಿಂದ ಮೊದಲಾಗುವುದು ಡೀಸೆಲಿನದು. ಎಸ್ ಅಕ್ಷರದಿಂದ ಮೊದಲಾಗುವುದು ಪೆಟ್ರೋಲಿನದು. ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳುಳ್ಳ ಟ್ರ್ಯಾಕ್ಟರಿನ ಗೇರುಪೆಟ್ಟಿಗೆಗೆ ಬೇರೆಯೇ ಎಣ್ಣೆಯುಂಟು. ಅಲ್ಲಿ ಎಂಜಿನ್ನಿನ ಎಣ್ಣೆಯನ್ನು ತುಂಬಬಾರದು. ಯಾವುದು ಬೇಕೆಂಬುದನ್ನು ಯಂತ್ರದೊಡನೆ ಬಂದ ಪುಸ್ತಕವು ಹೇಳುವುದು. ಅಂಗಡಿಯವನ ಮಾತಿಗಿಂತಲೂ ನೆರೆಯವನ ಮಾತಿಗಿಂತಲೂ ಆ ಪುಸ್ತಕವೇ ಪ್ರಮಾಣ.

ಧೂಳು, ನೀರು, ಕಾಲಾವಧಿ

ಸರಿಯಾದ ಎಣ್ಣೆಯೂ ಧೂಳು ಸೇರಿದರೆ ಸಾಣೆಯ ಕಲ್ಲಿನಂತೆ ಲೋಹವನ್ನು ಮಸೆಯುವುದು. ಒಣ ಹೊಲದಲ್ಲಿ ಹರಗುವಾಗಲೂ ರಾಶಿಯಲ್ಲಿಯೂ ಗಾಳಿಶೋಧಕವನ್ನು ದಿನವೂ ನೋಡತಕ್ಕದ್ದು. ಎಣ್ಣೆಯು ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆಯೆಂದೂ, ಹೊಯ್ಯದೆಯೇ ಮಟ್ಟವು ಏರಿದರೆ ಡೀಸೆಲ್ ಅಥವಾ ನೀರು ಇಳಿಯುತ್ತಿದೆಯೆಂದೂ ತಿಳಿದು ಎಂಜಿನ್ನನ್ನು ನಿಲ್ಲಿಸಬೇಕು. ಎಣ್ಣೆಯ ಒತ್ತಡದ ಕೆಂಪು ದೀಪ ಹತ್ತಿದರೆ ಸಾಲು ಮುಗಿಯಲೆಂದು ಕಾಯಬಾರದು. ಆ ಒಂದು ಸಾಲಿನಲ್ಲಿಯೇ ಬೇರಿಂಗು ಹೋಗಬಹುದು. ಸವೆದು ನೀಲಿ ಹೊಗೆ ಬಿಡುವ ಎಂಜಿನ್ನಿಗೆ ಮಂದವಾದ ಎಣ್ಣೆ ಹೊಯ್ದರೆ ಹೊಗೆ ಕೆಲದಿನ ಕಡಿಮೆಯಾದೀತು. ಸವೆದ ಲೋಹವು ಮರಳಿ ಬಾರದು.

ಅನೇಕ ಟ್ರ್ಯಾಕ್ಟರುಗಳಲ್ಲಿ 250 ಗಂಟೆಗೊಮ್ಮೆ ಎಣ್ಣೆಯನ್ನೂ ಅದರ ಫಿಲ್ಟರನ್ನೂ ಬದಲಿಸುವ ನಿಯಮವಿದೆ. ಹಗಲಿರುಳು ಇಪ್ಪತ್ತು ಗಂಟೆ ದುಡಿಸುವವರಿಗೆ ಇದು ಹದಿಮೂರು ದಿನಗಳೊಳಗೇ ತೀರುವುದು. ವರ್ಷಕ್ಕೊಮ್ಮೆ ಬದಲಿಸುತ್ತೇವೆಂಬ ಲೆಕ್ಕವು ಇಂಥಲ್ಲಿ ಸಲ್ಲದು. ತಿಂಗಳಲ್ಲ, ಗಂಟೆಯ ಮೀಟರನ್ನು ನೋಡಬೇಕು. ತೆಗೆದ ಹಳೆಯ ಎಣ್ಣೆಯನ್ನು ಹಳ್ಳಕ್ಕಾಗಲಿ ಕಾಲುವೆಗಾಗಲಿ ಚೆಲ್ಲದೆ ಡಬ್ಬಿಯಲ್ಲಿ ಕೂಡಿಟ್ಟು, ಪರವಾನಗಿಯುಳ್ಳ ಸಂಗ್ರಾಹಕರಿಗೆ ಕೊಡತಕ್ಕದ್ದು.

ಯಂತ್ರವು ಯಜಮಾನನದಾದರೂ ಅದನ್ನು ನಡೆಸುವವನು ಬಹುಶಃ ಕೂಲಿಯ ಚಾಲಕನು. ಆದಕಾರಣ ಪ್ರತಿ ಯಂತ್ರಕ್ಕೂ ಒಂದು ಸಣ್ಣ ಪುಸ್ತಕವನ್ನಿಟ್ಟು ತಾರೀಖು, ಗಂಟೆಯ ಅಂಕಿ, ಎಣ್ಣೆಯ ಗುರುತು, ಹೊಯ್ದ ಲೀಟರು ಇವನ್ನು ಬರೆಯಿಸಬೇಕು. ಎಂಜಿನ್ನು ಚಾಲೂ ಮಾಡುವ ಮೊದಲು ಸಮನೆಲದಲ್ಲಿ ನಿಲ್ಲಿಸಿ ಅಳತೆಯ ಕಡ್ಡಿಯನ್ನು ಒರೆಸಿ ನೋಡುವುದನ್ನು ಚಾಲಕನಿಗೆ ರೂಢಿಮಾಡಿಸಬೇಕು. ಊರಿನ ಗೌಡರು ಇದನ್ನು ತಮ್ಮ ಮನೆಯಲ್ಲಿ ಮೊದಲು ನಡೆಸಿದರೆ ಉಳಿದವರು ಅನುಸರಿಸುವರು. ಈ ಕೆಲಸಕ್ಕೆ ಬೇಕಾದುದು ದಿನಕ್ಕೆ ಎರಡು ನಿಮಿಷ. ಮುಂದಿನ ಸಲ ಕಾಲುವೆಗೆ ನೀರು ಬರುವ ಮೊದಲೇ ಇದನ್ನು ಆರಂಭಿಸುವುದು ಲೇಸು.